ಹೋದ ಕೆಲಸ ಏನಾಯಿತು?

ಹೊರಗೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವ ಮಾತು ಇದು. ಮೈಸೂರಿನ ಆಸ್ಪತ್ರೆಗೆ ಹೋದವರಾಗಲಿ, ಹುಣಸೂರಿನ ಕೋರ್ಟಿಗೆ ಹೋದವರಾಗಲಿ, ಕಂಪಲಾಪುರಕ್ಕೆ ಹೊಗೆಸೊಪ್ಪಿನ ಹರಾಜಿಗೆ ಹೋದವರಾಗಲಿ, ಜಗಲಿಯ ಮೇಲೆ ಚೀಲ ಇಳಿಸುವಷ್ಟರಲ್ಲೇ "ಹೋದ ಕೆಲಸ ಏನಾಯ್ತು?" ಎಂದು ಕೇಳುತ್ತೇವೆ. ಆಯಿತು ಅಥವಾ ಆಗಲಿಲ್ಲ, ಎರಡರಲ್ಲೊಂದು ಉತ್ತರ. ಹರಾಜಿನ ವಿಷಯದಲ್ಲಿ ಈ ಪ್ರಶ್ನೆ ಸರಿಯಾದದ್ದೇ. ಎಷ್ಟು ಬೇಲು ಹೋಯಿತು, ಕಿಲೋಗೆ ಎಷ್ಟು ಸಿಕ್ಕಿತು ಎಂಬುದಕ್ಕೆ ಚೀಟಿಯಲ್ಲೇ ಲೆಕ್ಕವಿರುತ್ತದೆ.

ಪ್ರಿಯ ಓದುಗರೇ, ಇದೇ ಪ್ರಶ್ನೆಯನ್ನು ಹೊರದೇಶದಲ್ಲಿ ಪ್ರೇಷಿತ ಕಾರ್ಯ ಮುಗಿಸಿ ಬಂದವರಿಗೂ ನಾವು ಕೇಳುತ್ತೇವೆ. ಹಿಂದೆ ಮಿಷನರಿ ಎಂದರೆ ಬಿಳಿಯ ಗಡ್ಡದ ಫ್ರೆಂಚ್ ಸ್ವಾಮಿಯವರು ಎಂದಷ್ಟೇ ನಮ್ಮ ಅಜ್ಜ ಅಜ್ಜಿಯರಿಗೆ ತಿಳಿದಿತ್ತು. ಈಗ ಕರ್ನಾಟಕದ ಕಥೋಲಿಕ ಮನೆಗಳಿಂದಲೇ ಗುರುಗಳೂ ಸಿಸ್ಟರುಗಳೂ ಆಫ್ರಿಕಕ್ಕೆ, ಯೂರೋಪಿಗೆ ಹೋಗುತ್ತಾರೆ. ಕೆಲವೊಮ್ಮೆ ಯುವಜನರೂ ಒಂದೆರಡು ತಿಂಗಳ ಸೇವೆಗೆಂದು ಹೋಗಿಬರುತ್ತಾರೆ. ಹೊರಡುವಾಗ ಬಲಿಪೂಜೆ, ಆಶೀರ್ವಾದ, ಹಾರ, ಊಟ ಎಲ್ಲವೂ ಇರುತ್ತದೆ. ಹಿಂದಿರುಗಿ ಬರುವುದು ಮಾತ್ರ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕಾಯಿಲೆ ಬಂದು ಬರುತ್ತಾರೆ, ವೀಸಾ ಮುಗಿದು ಬರುತ್ತಾರೆ, ಸಭೆಯ ಮೇಲಧಿಕಾರಿಗಳು ಕರೆದರೆಂದು ಬರುತ್ತಾರೆ. ಬಂದವರನ್ನು ನಾವು ಕೇಳುವುದೇನು? ಅಲ್ಲಿ ಎಷ್ಟು ಜನ ಸೇರಿದರು? ಎಷ್ಟು ಶಾಲೆ ಕಟ್ಟಿಸಿದಿರಿ? ಎರಡಕ್ಕೂ ತೃಪ್ತಿಯಾದ ಉತ್ತರ ಸಿಗದಿದ್ದರೆ ಮೂರನೆಯದು ಬರುತ್ತದೆ: "ಮತ್ತೆ ಯಾಕೆ ಬಂದುಬಿಟ್ಟಿರಿ?" ಹತ್ತು ವರ್ಷ ದುಡಿದು ಬಂದ ಮನಸ್ಸಿಗೆ ಈ ಒಂದು ಮಾತು ಏನು ಮಾಡುತ್ತದೆ ಎಂದು ಕೇಳಿದವರಿಗೆ ತಿಳಿಯುವುದಿಲ್ಲ.

ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಮಗೆ ಚೆನ್ನಾಗಿ ಪರಿಚಯವಿರುವ ಒಬ್ಬ ಸಂತರ ಬಳಿಗೆ ಹೋಗೋಣ.

ಹಾರನಹಳ್ಳಿ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಕಡೆಯಿಂದ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಗೆ ಹರಕೆ ಹೊತ್ತು ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ. ಕ್ರೈಸ್ತರಲ್ಲದವರೂ ಹೋಗುತ್ತಾರೆ. ಹೊಲ ಉಳುವಾಗ ನೇಗಿಲಿಗೆ ಸಿಕ್ಕ ಪ್ರತಿಮೆಯ ಕಥೆಯನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. 2019ರಲ್ಲಿ ಆ ದೇವಾಲಯ ಬಸಿಲಿಕ ಎಂಬ ಗೌರವವನ್ನೂ ಪಡೆಯಿತು. ಆದರೆ ಜೂನ್ 13ರ ಜಾತ್ರೆಗೆ ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು, ಸಂತ ಅಂತೋಣಿಯವರು ಹೊರದೇಶದ ಪ್ರೇಷಿತ ಕಾರ್ಯಕ್ಕೆ ಹೋಗಿ ಏನೂ ಮಾಡಲಾಗದೆ ಹಿಂದಿರುಗಿದವರೆಂದು?

ಅವರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್ಲಿನ ಲಿಸ್ಬನ್ ಪಟ್ಟಣದಲ್ಲಿ. ಮೊದಲ ಹೆಸರು ಫೆರ್ನಾಂದೊ. ಕೊಯಿಂಬ್ರದ ಅಗಸ್ಟೀನ್ ಸಭೆಯ ಮಠದಲ್ಲಿ ಓದು, ಪ್ರಾರ್ಥನೆಗಳಲ್ಲಿ ಇದ್ದವರು. ಆ ಕಾಲದಲ್ಲಿ ಐವರು ಫ್ರಾನ್ಸಿಸ್ಕನ್ ಸಹೋದರರು ಮೊರಾಕ್ಕೊ ದೇಶಕ್ಕೆ ಶುಭಸಂದೇಶ ಸಾರಲು ಹೋಗಿ 1220ರ ಜನವರಿ 16ರಂದು ಅಲ್ಲಿ ಪ್ರಾಣ ತೆತ್ತರು. ಅವರ ಅವಶೇಷಗಳನ್ನು ಕೊಯಿಂಬ್ರಕ್ಕೆ ತಂದರು. ಅದನ್ನು ಕಂಡ ಈ ಯುವಕನ ಮನಸ್ಸು ಮಠದಲ್ಲಿ ನಿಲ್ಲಲಿಲ್ಲ. ಫ್ರಾನ್ಸಿಸ್ಕನ್ ಸಭೆಗೆ ಸೇರಿ, ಅಂತೋಣಿ ಎಂಬ ಹೆಸರು ತೆಗೆದುಕೊಂಡು, ತನ್ನನ್ನೂ ಮೊರಾಕ್ಕೊಗೆ ಕಳುಹಿಸಬೇಕೆಂದು ಕೇಳಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಹಡಗು ಹತ್ತಿದರು.

ಅಲ್ಲಿ ಕಾಲಿಟ್ಟವರೇ ಕಾಯಿಲೆ ಬಿದ್ದರು. ಚಳಿಗಾಲವೆಲ್ಲಾ ಹಾಸಿಗೆಯಲ್ಲೇ ಕಳೆಯಿತು. ಹೋದ ಕೆಲಸ ಆಗಲೇ ಇಲ್ಲ. 1221ರ ವಸಂತದಲ್ಲಿ ಊರಿಗೆ ಹಿಂದಿರುಗಲು ಹಡಗು ಹತ್ತಿದರೆ ಬಿರುಗಾಳಿ ಎದ್ದು ಹಡಗು ಪೋರ್ಚುಗಲ್ಲಿನ ಬದಲು ಸಿಸಿಲಿ ದ್ವೀಪಕ್ಕೆ ಹೋಗಿ ತಲುಪಿತು. ಹೋಗಬೇಕೆಂದ ದೇಶದಲ್ಲಿ ನಿಲ್ಲಲಾಗಲಿಲ್ಲ, ಬಿಟ್ಟುಬಂದ ಊರಿಗೂ ಮುಟ್ಟಲಾಗಲಿಲ್ಲ. ಆ ವರ್ಷದ ಪೆಂತಕೋಸ್ತ ಹಬ್ಬದಲ್ಲಿ ಅಸ್ಸಿಸಿಯಲ್ಲಿ ಸೇರಿದ ದೊಡ್ಡ ಸಭೆಗೆ ಅವರೂ ಹೋದರು. ಸಭೆ ಮುಗಿದ ಮೇಲೆ ಪ್ರಾಂತ್ಯಗಳ ಮುಖ್ಯಸ್ಥರು ತಮತಮಗೆ ಬೇಕಾದ ಸಹೋದರರನ್ನು ಕರೆದುಕೊಂಡು ಹೊರಟರು. ಕಾಯಿಲೆಯಿಂದ ಸೊರಗಿದ ಈ ಪರದೇಶದವನನ್ನು ಯಾರೂ ಕೇಳಲಿಲ್ಲ. ಕೊನೆಗೆ ರೊಮಾಞ್ಞ ಪ್ರಾಂತ್ಯದ ಮುಖ್ಯಸ್ಥ ಗ್ರಾತ್ಸಿಯಾನೊ ಅವರನ್ನು ಜೊತೆಗೆ ಕರೆದೊಯ್ದು ಮೊಂತೆಪಾವೊಲೊ ಎಂಬ ಬೆಟ್ಟದ ಆಶ್ರಮದಲ್ಲಿ ಇರಿಸಿದರು. ಅಲ್ಲಿನ ಸಹೋದರರಿಗೆ ಬಲಿಪೂಜೆ ಅರ್ಪಿಸುವುದು, ಉಳಿದ ಹೊತ್ತಿನಲ್ಲಿ ಪಾತ್ರೆ ತೊಳೆಯುವುದು, ಕಸ ಗುಡಿಸುವುದು ಇವೇ ಅವರ ಕೆಲಸವಾಗಿತ್ತೆಂದು ಹಳೆಯ ಚರಿತ್ರೆಗಳು ಹೇಳುತ್ತವೆ.

ಮುಂದಿನದು ನಮಗೆ ಗೊತ್ತು. 1222ರಲ್ಲಿ ಫೋರ್ಲಿ ಎಂಬಲ್ಲಿ ಗುರುದೀಕ್ಷೆಯ ಸಂದರ್ಭದಲ್ಲಿ ಪ್ರಬೋಧನೆಗೆ ಯಾರೂ ಸಿದ್ಧರಿಲ್ಲದೆ, ಈ ಮೌನಿಯನ್ನೇ ಎದ್ದು ಮಾತನಾಡಲು ಹೇಳಿದರು. ಆ ದಿನದಿಂದ ಒಂಬತ್ತು ವರ್ಷ, 1231ರ ಜೂನ್ 13ರಂದು ಪಾದುವಾ ಬಳಿ ಕಣ್ಮುಚ್ಚುವವರೆಗೂ, ಇಟಲಿಯ ಉತ್ತರದಲ್ಲೂ ಫ್ರಾನ್ಸಿನ ದಕ್ಷಿಣದಲ್ಲೂ ಅವರ ಪ್ರಬೋಧನೆಗೆ ಜನ ಮುಗಿಬಿದ್ದರು. ತೀರಿಕೊಂಡ ಒಂದು ವರ್ಷದೊಳಗೇ ಅವರನ್ನು ಸಂತರೆಂದು ಸಾರಲಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. "ನೋಡಿ, ದೇವರು ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದರು, ಆದದ್ದೆಲ್ಲ ಒಳ್ಳೆಯದಕ್ಕೇ" ಎಂದು ಈ ಕಥೆಯನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುವುದು ಸುಲಭ. ಪೀಠದ ಮೇಲಿನಿಂದಲೂ ಹಾಗೆ ಕೇಳಿದ್ದೇವೆ. ಆದರೆ ಮೊರಾಕ್ಕೊದ ಹಾಸಿಗೆಯ ಮೇಲೆ ಮಲಗಿದ್ದ ಅಂತೋಣಿಗೆ ಫೋರ್ಲಿಯ ವಿಷಯ ಗೊತ್ತಿರಲಿಲ್ಲ. ಮೊಂತೆಪಾವೊಲೊದಲ್ಲಿ ಪಾತ್ರೆ ತೊಳೆಯುವಾಗಲೂ ಗೊತ್ತಿರಲಿಲ್ಲ. ನಮ್ಮ ಮನೆಗೆ ಹಿಂದಿರುಗಿ ಬಂದ ಸಿಸ್ಟರ್ ಇರುವುದು ಆ ಚಳಿಗಾಲದಲ್ಲಿ. ಅವರಿಗೆ ಮುಂದೊಂದು ಫೋರ್ಲಿ ಇದೆಯೋ ಇಲ್ಲವೋ ನಮಗೂ ತಿಳಿಯದು. ತಿಳಿಯದ್ದನ್ನು ತಿಳಿದವರಂತೆ ಹೇಳಿ ಸಮಾಧಾನ ಮಾಡುವುದಕ್ಕಿಂತ, ಗ್ರಾತ್ಸಿಯಾನೊ ಮಾಡಿದಂತೆ ಜೊತೆಗೆ ಕರೆದುಕೊಂಡು ಹೋಗಿ ಇರಲು ಒಂದು ಜಾಗ ಕೊಡುವುದು ಹೆಚ್ಚಿನ ಉಪಕಾರ.

ಅಂತೋಣಿಯವರದು ಕೆಲವೇ ತಿಂಗಳ ಪ್ರಯಾಣ. ಮೂವತ್ತೊಂದು ವರ್ಷ ನಡೆದ ಇನ್ನೊಂದು ಪ್ರೇಷಿತ ಕಾರ್ಯದ ಕೊನೆಯನ್ನು ನಮ್ಮ ಮೈಸೂರು ಸೀಮೆಯೇ ಕಂಡಿದೆ. ಅದರ ಲೆಕ್ಕಾಚಾರ ಇನ್ನೂ ತೊಡಕಿನದು.

ಅಬ್ಬೆ ದುಬ್ವಾ ಅವರ ಹೆಸರನ್ನು ಓದುಗರು ಕೇಳಿರಬಹುದು. ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ 1766ರಲ್ಲಿ ಹುಟ್ಟಿದವರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಸೆರೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ಕಡೆಗೆ ಬಂದರು. ನಮ್ಮ ಜನರಂತೆ ನಿಲುವಂಗಿ, ತಲೆಗೆ ಪೇಟ, ಕೈಯಲ್ಲಿ ಬೆತ್ತ. ಊಟವೂ ಇಲ್ಲಿಯದೇ, ಮಾಂಸ ಬಿಟ್ಟಿದ್ದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರಂತೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿರುವ ದೇವಾಲಯಕ್ಕೆ ಇಂದಿಗೂ ಅವರ ಹೆಸರೇ ಅಂಟಿಕೊಂಡಿದೆ. ಹಾಸನದ ಬಳಿ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿಗೆ ಚುಚ್ಚುಮದ್ದು ಹಾಕುವುದು ಈ ದೇಶಕ್ಕೆ ಆಗತಾನೆ ಬಂದಿತ್ತು, ಜನ ಹೆದರುತ್ತಿದ್ದರು. ಹಳ್ಳಿಹಳ್ಳಿ ತಿರುಗಿ ಅವರನ್ನು ಒಪ್ಪಿಸಿದವರಲ್ಲಿ ದುಬ್ವಾ ಪ್ರಮುಖರು. 1803-04ರ ಸುಮಾರಿನಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಚುಚ್ಚುಮದ್ದು ಹಾಕಿದ ಲೆಕ್ಕ ಉಳಿದಿದೆ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಹೋದರು. ಮತ್ತೆ ಬರಲಿಲ್ಲ. ಆಗ ಅವರಿಗೆ 57 ವರ್ಷ. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಅವುಗಳಲ್ಲಿ ಅವರು ತಮ್ಮ ಕೆಲಸದ ಲೆಕ್ಕವನ್ನು ತಾವೇ ಕೊಟ್ಟಿದ್ದಾರೆ. ಇಪ್ಪತ್ತೈದು ವರ್ಷ ದುಡಿದು, ಈ ದೇಶದವರೇ ಆದ ಒಬ್ಬ ಗುರುವಿನ ನೆರವಿನಿಂದ, ಹೆಂಗಸರು ಗಂಡಸರು ಸೇರಿ ಇನ್ನೂರು ಮುನ್ನೂರು ಮಂದಿಯನ್ನಷ್ಟೇ ಸಭೆಗೆ ಸೇರಿಸಿದೆ. ಅವರಲ್ಲೂ ಬಹಳ ಮಂದಿ ನಿಜವಾದ ವಿಶ್ವಾಸದಿಂದ ಬಂದವರಲ್ಲ ಎಂಬುದು ಅವರ ಮಾತಿನ ಸಾರ. ಈ ದೇಶದಲ್ಲಿ ಈ ಕೆಲಸವೇ ಕೈಗೂಡದು ಎಂದೂ ತೀರ್ಮಾನಿಸಿದರು. ಇಂಗ್ಲೆಂಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಮರುವರ್ಷವೇ ಜೇಮ್ಸ್ ಹಫ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಒಂದು ಇಡೀ ಪುಸ್ತಕವನ್ನೇ ಉತ್ತರವಾಗಿ ಬರೆದರು.

ದುಬ್ವಾ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕಾಣಿಕೆ ಕೊಟ್ಟವರನ್ನು ಸಂತೋಷಪಡಿಸಲು ಸಂಖ್ಯೆಯನ್ನು ಉಬ್ಬಿಸಿ ವರದಿ ಬರೆಯುವ ಅಭ್ಯಾಸ ಆಗಲೂ ಇತ್ತು, ಈಗಲೂ ಇದೆ. ಅವರು ಹಾಗೆ ಮಾಡಲಿಲ್ಲ. ಆದರೆ ಅವರ ಅಳತೆಗೋಲು ಸರಿಯಾದದ್ದೇ? ಗಂಜಾಮಿನಲ್ಲಿ ಮತ್ತೆ ಒಂದುಗೂಡಿದ ಕುಟುಂಬಗಳನ್ನು ಅವರು ಆ ಇನ್ನೂರು ಮುನ್ನೂರರ ಲೆಕ್ಕದಲ್ಲಿ ಸೇರಿಸಲಿಲ್ಲ, ಏಕೆಂದರೆ ಅವರು ಹೊಸಬರಲ್ಲ. ಸಾತಳ್ಳಿಯಲ್ಲಿ ನೇಗಿಲು ಹಿಡಿದವರು ಆ ಲೆಕ್ಕಕ್ಕೆ ಬರಲಿಲ್ಲ. ಸಿಡುಬಿನಿಂದ ಉಳಿದ ಮಗು ಯಾವ ಧರ್ಮದ್ದಾದರೂ ಆ ಲೆಕ್ಕಕ್ಕೆ ಬರುವಂತಿರಲಿಲ್ಲ. ಜೊತೆಗೆ, ತಮ್ಮ ಮಾತು ನಾಟದಿದ್ದುದಕ್ಕೆ ಅವರು ಹೆಚ್ಚಾಗಿ ಈ ನೆಲದ ಜನರ ಸ್ವಭಾವವನ್ನೇ ದೂರಿದರು. ಅವರ ಬರಹದಲ್ಲಿ ನಮ್ಮ ಪೂರ್ವಿಕರ ಬಗ್ಗೆ ಇರುವ ಕೆಲವು ಮಾತುಗಳು ಇಂದು ಓದಿದರೂ ನೋವಾಗುತ್ತದೆ. ಮೂವತ್ತೊಂದು ವರ್ಷ ತನ್ನನ್ನು ಸಾಕಿದ ಜನರ ಬಗ್ಗೆ ಹೊರಟುಹೋದ ಮೇಲೆ ಏನು ಬರೆಯುತ್ತೇವೆ ಎಂಬುದೂ ಪ್ರೇಷಿತ ಕಾರ್ಯದ ಒಂದು ಭಾಗವೇ.

ಇನ್ನೊಂದು ವಿಚಿತ್ರವೂ ಇದೆ. ಜಗತ್ತು ದುಬ್ವಾ ಅವರನ್ನು ನೆನೆಯುವುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥಕ್ಕಾಗಿ. ಆ ಗ್ರಂಥದ ದೊಡ್ಡ ಭಾಗಕ್ಕೆ ಅವರಿಗಿಂತ ಹಿಂದಿನ ಜೆಸ್ವಿತ್ ಗುರು ಕೆರ್ದೂ ಅವರ ಹಸ್ತಪ್ರತಿಯೇ ಮೂಲವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಅಂದರೆ ಅವರ ಹೆಸರಿನ ಕೆಳಗೆ ಜನ ಬರೆದ ಲಾಭದಲ್ಲಿ ಬಹಳಷ್ಟು ಅವರದಲ್ಲ. ತಮ್ಮ ಹೆಸರಿನ ಕೆಳಗೆ ತಾವೇ ಬರೆದುಕೊಂಡ ನಷ್ಟವೂ ಪೂರ್ತಿ ನಷ್ಟವಲ್ಲ. ಹಿಂದಿರುಗಿ ಬಂದ ದಿನವೇ ಲೆಕ್ಕ ಮುಗಿಸಲು ಹೊರಟರೆ ಹೀಗೇ ಆಗುತ್ತದೆ.

ಪ್ಯಾರಿಸ್ಸಿನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಪೂರ್ವ ದೇಶಗಳಿಗೆ ಹೊರಡುವ ಯುವ ಗುರುಗಳನ್ನು ಸಿದ್ಧಪಡಿಸುವ ತಮ್ಮ ಸಂಸ್ಥೆಯ ಗುರುಮಠದಲ್ಲೇ ನಿರ್ದೇಶಕರಾಗಿ, ಕೆಲವು ವರ್ಷ ಮುಖ್ಯಸ್ಥರಾಗಿಯೂ ದುಡಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಅಚ್ಚುಹಾಕಿಸಿದರು. ಕೈಗೂಡದು ಎಂದವರೇ ಇತರರನ್ನು ಕಳುಹಿಸುವ ಮನೆಯಲ್ಲಿ 1848ರಲ್ಲಿ ಸಾಯುವವರೆಗೂ ಇದ್ದರು. ಅವರ ಮನಸ್ಸು ಬದಲಾಯಿತೆಂದು ಹೇಳಲು ಆಧಾರ ಬೇಕು. ಅವರು ಆ ಮನೆಯನ್ನು ಬಿಡಲಿಲ್ಲ ಎನ್ನುವುದಂತೂ ನಿಜ.

ಇತ್ತ ಮೈಸೂರಿನಲ್ಲಿ ಅದೇ ಸಂಸ್ಥೆಯ ಬೇರೆ ಗುರುಗಳು ಬಂದರು. ಅವರಲ್ಲಿ ಅನೇಕರು ಹಿಂದಿರುಗದೆ ಇಲ್ಲೇ ಮಣ್ಣಾದರು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು, 1940ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. 1960ರ ದಶಕದಲ್ಲಿ ಫ್ರೆಂಚ್ ಬಿಷಪ್ ರೆನೆ ಫ್ಯೂಗಾ ಅವರ ಸ್ಥಾನಕ್ಕೆ ಈ ದೇಶದವರೇ ಆದ ಮಥಾಯಸ್ ಫೆರ್ನಾಂಡಿಸ್ ಬಂದರು. ಹೊರದೇಶದ ಮಿಷನ್ ಎಂಬುದು ನಿಜವಾಗಿ ಮುಗಿಯುವುದು ಹೀಗೆ: ಹೋದವನು ದಣಿದಾಗಲ್ಲ, ಅಲ್ಲಿಯವರ ಕೈಗೆ ಬೀಗದ ಕೈ ಬಂದಾಗ. ಸಂತ ಪೌಲ ಮತ್ತು ಬಾರ್ನಬರ ಮೊದಲ ಪ್ರಯಾಣದಲ್ಲೂ ಇದನ್ನೇ ಕಾಣುತ್ತೇವೆ. ಊರಿಗೆ ಹಿಂದಿರುಗುವ ಮೊದಲು ಅವರು ಹೋದ ದಾರಿಯಲ್ಲೇ ಮತ್ತೆ ಬಂದು, ಪ್ರತಿ ಸಭೆಯಲ್ಲೂ ಅಲ್ಲಿಯವರನ್ನೇ ಹಿರಿಯರನ್ನಾಗಿ ನೇಮಿಸಿ, ಉಪವಾಸ ಪ್ರಾರ್ಥನೆಗಳೊಂದಿಗೆ ಅವರನ್ನು ಪ್ರಭುವಿಗೆ ಒಪ್ಪಿಸಿ ಬಂದರು (ಪ್ರೇಷಿತರ ಕಾರ್ಯಕಲಾಪಗಳು 14:21-23). ಅದೇ ಊರುಗಳಲ್ಲಿ ಒಂದಾದ ಲುಸ್ತ್ರದಲ್ಲಿ ಪೌಲರಿಗೆ ಕಲ್ಲೇಟು ಬಿದ್ದಿತ್ತು ಎಂಬುದನ್ನು ಮರೆಯಬಾರದು.

ಅಂತಿಯೋಕ್ಯಕ್ಕೆ ಬಂದ ಮೇಲೆ ಅವರು ಏನು ಮಾಡಿದರು? ಸಭೆಯನ್ನು ಕೂಡಿಸಿ, ದೇವರು ತಮ್ಮ ಮೂಲಕ ಮಾಡಿದ್ದನ್ನೆಲ್ಲ ಹೇಳಿದರು; ಬಹಳ ದಿನ ಅಲ್ಲೇ ಇದ್ದರು. ವರದಿ ಕೇಳುವ ಹಕ್ಕು ಕಳುಹಿಸಿದ ಸಭೆಗೆ ಇದ್ದೇ ಇದೆ. ಧರ್ಮಕೇಂದ್ರದಲ್ಲಿ ಕಾಣಿಕೆ ಎತ್ತಿದ್ದರೆ ಅದರ ಲೆಕ್ಕವನ್ನೂ ಕೇಳಬೇಕು, ಹೇಳುವವರೂ ಪೈಸೆ ಬಿಡದೆ ಹೇಳಬೇಕು. ಆದರೆ ದಣಿವು ಆರುವ ಮೊದಲೇ ಅಲ್ಲ. ಪ್ರೇಷಿತರು ತಮ್ಮ ಪ್ರಯಾಣ ಮುಗಿಸಿ ಬಂದು ಮಾಡಿದ್ದೆಲ್ಲವನ್ನೂ ಹೇಳಿದಾಗ, ಏಕಾಂತ ಸ್ಥಳಕ್ಕೆ ಹೋಗಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕರೆದವರು ಪ್ರಭು ಯೇಸುವೇ (ಮಾರ್ಕ 6:30-31). ನಾವಾದರೋ ಬಂದ ವಾರವೇ ಮೈಕು ಕೈಗೆ ಕೊಡುತ್ತೇವೆ, ಎರಡನೆಯ ತಿಂಗಳಿಗೆ ಮರೆತುಬಿಡುತ್ತೇವೆ. ಹೇಳಬೇಕಾದದ್ದು ಮನಸ್ಸಿನಲ್ಲಿ ಹದವಾಗಲು ಕೆಲವರಿಗೆ ಆರು ತಿಂಗಳೇ ಬೇಕಾಗುತ್ತದೆ.

ಎಪ್ಪತ್ತೆರಡು ಮಂದಿ ಶಿಷ್ಯರು ಹಿಂದಿರುಗಿದಾಗ ನಡೆದದ್ದನ್ನೂ ನೋಡಿ (ಲೂಕ 10:17-20). ದೆವ್ವಗಳೂ ನಮಗೆ ಅಧೀನವಾದವು ಎಂದು ಅವರು ಸಂಭ್ರಮದಿಂದ ಹೇಳಿಕೊಂಡರು. ಪ್ರಭು ಅದನ್ನು ಸುಳ್ಳೆನ್ನಲಿಲ್ಲ. ಅದಕ್ಕಾಗಿ ಸಂತೋಷಪಡಬೇಡಿ, ನಿಮ್ಮ ಹೆಸರು ಸ್ವರ್ಗದಲ್ಲಿ ಬರೆದಿದೆ ಎಂದು ಸಂತೋಷಪಡಿ ಎಂದರು. ಗೆದ್ದು ಬಂದವರಿಗೆ ಹೇಳಿದ ಈ ಮಾತು ಸೋತು ಬಂದೆನೆಂದುಕೊಂಡವರಿಗೂ ಸಲ್ಲುತ್ತದೆ. ಹೆಸರು ಬರೆದಿರುವುದು ಕೆಲಸದ ಲೆಕ್ಕದ ಮೇಲಲ್ಲವಲ್ಲ.

ಕೆಲವೇ ವಾರಗಳ ಸೇವೆಗೆ ಹೋಗಿಬರುವ ಯುವಜನರಿಗೂ ಒಂದು ಮಾತು. ಅಲ್ಲಿನ ಬಡ ಮಕ್ಕಳ ಜೊತೆ ನಿಂತು ತೆಗೆಸಿಕೊಂಡ ಫೋಟೋಗಳನ್ನು ಮನೆಮನೆಗೆ ತೋರಿಸುವ ಮುನ್ನ ಸ್ವಲ್ಪ ಯೋಚಿಸಿ. ನಮ್ಮ ಹಳ್ಳಿಗಳಿಗೂ ಹೊರಗಿನವರು ಬಂದು ನಮ್ಮ ಮಕ್ಕಳ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಆ ಚಿತ್ರ ಯಾವ ದೇಶದ ಯಾವ ಗೋಡೆಯ ಮೇಲಿದೆಯೋ, ಅದರ ಕೆಳಗೆ ಏನು ಬರೆದಿದೆಯೋ ಆ ತಾಯಂದಿರಿಗೆ ತಿಳಿಯದು. ಫೋಟೋಗಿಂತ, ಅಲ್ಲಿ ನಿಮಗೆ ಅನ್ನ ಹಾಕಿದವರ ಹೆಸರನ್ನು ನೆನಪಿಟ್ಟುಕೊಂಡು ಬನ್ನಿ. ಕ್ರಿಸ್ಮಸ್ಸಿಗೆ ಒಂದು ಪತ್ರ ಬರೆಯಿರಿ.

ಇನ್ನು ಮನೆಯವರ ಪಾಲಿನದು. ಬಹಳ ವರ್ಷ ಹೊರಗಿದ್ದು ಬಂದವರಿಗೆ ತಮ್ಮ ಮನೆಯೇ ಸ್ವಲ್ಪ ದಿನ ಪರಕೀಯವಾಗಿ ಕಾಣುತ್ತದೆ. ಕೊಡ ನೀರಿಗೆ ಮೈಲಿ ನಡೆಯುವವರ ನಡುವೆ ಇದ್ದು ಬಂದವರಿಗೆ ನಮ್ಮ ಮದುವೆಯ ಎಲೆಯಲ್ಲಿ ಉಳಿದ ಅನ್ನವನ್ನು ನೋಡಿ ಗಂಟಲು ಕಟ್ಟಬಹುದು. "ಬಂದಾಗಿನಿಂದ ಯಾಕೋ ಮುಖ ಗಂಟು ಹಾಕಿಕೊಂಡಿದ್ದಾರೆ" ಎಂದು ಅತ್ತಿಗೆ ನಾದಿನಿಯರು ಮಾತನಾಡಿಕೊಳ್ಳಬೇಡಿ. ಬಂದವರೂ ಪ್ರತಿ ಊಟಕ್ಕೂ ಆಫ್ರಿಕದ ಉಪದೇಶ ಬಡಿಸಬೇಡಿ. ಕೇಳಲೇಬೇಕೆಂದರೆ ಬೇರೆ ಪ್ರಶ್ನೆಗಳಿವೆ. ಅಲ್ಲಿ ಯಾರ ಮನೆಯಲ್ಲಿ ಊಟ ಮಾಡುತ್ತಿದ್ದಿರಿ? ಕಾಯಿಲೆಯಾದಾಗ ಯಾರು ನೋಡಿಕೊಂಡರು? ಕೆಲಸವನ್ನು ಯಾರ ಕೈಗೆ ಒಪ್ಪಿಸಿ ಬಂದಿರಿ? ಇವಕ್ಕೆ ಉತ್ತರ ಹೇಳುವಾಗ ಅವರ ಮುಖ ನೋಡಿ.

ಈ ವಾರ ಕುಟುಂಬದ ಜಪಸರ ಮುಗಿದ ಮೇಲೆ ಓದಲು ಒಂದು ಪಾಠವನ್ನು ಸೂಚಿಸುತ್ತೇವೆ. ಪೌಲ ಬಾರ್ನಬರ ಜೊತೆ ಹೊರಟಿದ್ದ ಯೊವಾನ್ನ ಮಾರ್ಕ ಎಂಬ ಯುವಕ ಅರ್ಧ ದಾರಿಯಲ್ಲೇ ಅವರನ್ನು ಬಿಟ್ಟು ಯೆರುಸಲೇಮಿಗೆ ಹಿಂದಿರುಗಿದ (ಪ್ರೇಷಿತರ ಕಾರ್ಯಕಲಾಪಗಳು 13:13). ಏಕೆಂದು ಲೂಕನು ಬರೆದಿಲ್ಲ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯಲು ಪೌಲರು ಖಡಾಖಂಡಿತವಾಗಿ ಒಪ್ಪಲಿಲ್ಲ. ಈ ಮಾತಿಗೆ ಪೌಲ ಬಾರ್ನಬರೇ ಜಗಳವಾಡಿ ಬೇರೆಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದರು (15:36-40). ಬಾರ್ನಬ ಮಾರ್ಕನಿಗೆ ಹತ್ತಿರದ ಸಂಬಂಧಿ ಎಂಬುದು ಕೊಲೊಸ್ಸೆಯರಿಗೆ ಬರೆದ ಪತ್ರದಿಂದ ತಿಳಿಯುತ್ತದೆ (4:10). ಊರೆಲ್ಲ ಕೈಬಿಟ್ಟವನನ್ನು ಬಂಧುವೊಬ್ಬ ಮತ್ತೆ ಜೊತೆಗೆ ಕರೆದುಕೊಂಡ. ವರ್ಷಗಳು ಕಳೆದ ಮೇಲೆ ಸೆರೆಮನೆಯಿಂದ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ (4:11), ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ಕೇಳಿಕೊಂಡವರು ಅದೇ ಪೌಲರು.

ಮಾರ್ಕನ ತಾಯಿ ಮರಿಯಳ ಮನೆ ಯೆರುಸಲೇಮಿನಲ್ಲಿ ವಿಶ್ವಾಸಿಗಳು ಪ್ರಾರ್ಥನೆಗೆ ಕೂಡುತ್ತಿದ್ದ ಮನೆ (12:12). ಮಗ ಅರ್ಧ ದಾರಿಯಿಂದ ಹಿಂದಿರುಗಿ ಆ ಬಾಗಿಲಿಗೆ ಬಂದ ದಿನ ಒಳಗೆ ಜನ ಕೂಡಿದ್ದಿರಬಹುದು. ಆಗ ತಾಯಿ ಅವನಿಗೆ ಏನೆಂದಿರಬಹುದು? ಓದಿದ ಮೇಲೆ ಮೊದಲು ಮಕ್ಕಳು ಹೇಳಲಿ, ಆಮೇಲೆ ದೊಡ್ಡವರು.